ಮನಸ್ಸು ನೆಟ್ಟಗಿದೆ ಎಂದು ತಿಳಿಯುವುದು ಹೇಗೆ

ತನ್ನ ಶಕ್ತಿ ಎಷ್ಟೆಂದು ತಾನೇ ಅರಿತು, ದಿನದಿನದ ಬದುಕು ತಂದೊಡ್ಡುವ ಒತ್ತಡ ತಾಳಿಕೊಂಡು, ಕೈಲಾದ ಕೆಲಸ ಮಾಡುತ್ತ, ಸುತ್ತಲಿನವರಿಗೂ ಒದಗುವಂತೆ ಬಾಳಬಲ್ಲ ಸ್ಥಿತಿಗೆ ಮಾನಸಿಕ ಆರೋಗ್ಯ ಎಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆ ಕೊಡುವ ವಿವರಣೆಯ ಸಾರ ಇಷ್ಟೇ. ರೋಗ ಇಲ್ಲದಿರುವುದೊಂದೇ ಆರೋಗ್ಯವಲ್ಲ, ದೇಹ, ಮನಸ್ಸು, ಜನರೊಂದಿಗಿನ ಬಾಳು ಮೂರೂ ಚೆನ್ನಾಗಿರಬೇಕು ಎಂಬ ಮಾತು 1948ರಲ್ಲಿ ಜಾರಿಗೆ ಬಂದ ಆ ಸಂಸ್ಥೆಯ ಸಂವಿಧಾನದಲ್ಲೇ ಇದೆ. ಆದರೂ ಮನಸ್ಸಿನ ಆರೋಗ್ಯ ಎಂದೊಡನೆ ಜನರ ನೆನಪಿಗೆ ಬರುವುದು ಕಾಯಿಲೆ, ಗುಳಿಗೆ, ಆಸ್ಪತ್ರೆಗಳೇ. ಬಿಪಿ ಎಷ್ಟು, ಶುಗರ್ ಎಷ್ಟು ಎಂದು ಅಂಕಿ ಸಮೇತ ಹೇಳಬಲ್ಲ ಮನುಷ್ಯ, ಮನಸ್ಸು ಚೆನ್ನಾಗಿದ್ದಾಗ ತಾನು ಹೇಗಿರುತ್ತೇನೆ ಎಂದು ಕೇಳಿದರೆ ತಡವರಿಸುತ್ತಾನೆ. ಕಾಯಿಲೆಯ ಲಕ್ಷಣ ಕಲಿಸುವ ಪುಸ್ತಕಗಳು ಬೇಕಾದಷ್ಟಿವೆ, ಆರೋಗ್ಯದ ಲಕ್ಷಣ ಕಲಿಸುವಂಥವು ಕಡಿಮೆ.

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನ ತಡವಳ ಮತ್ತು ಅದರ ಸುತ್ತಲಿನ ಊರುಗಳಲ್ಲಿ ಮನೆಮಾತು ಕನ್ನಡ, ಸರಕಾರಿ ಕಾಗದ ಮರಾಠಿ. ಭೀಮಾ ನದಿಯ ಆಚೆ ದಂಡೆಗೆ ಕರ್ನಾಟಕದ ವಿಜಯಪುರ ಜಿಲ್ಲೆ. ಮಳೆನೆರಳಿನ ಸೀಮೆ ಇದು. ಹಿಂಗಾರಿ ಬಿಳಿಜೋಳ, ತೊಗರಿ, ನೀರಿದ್ದಲ್ಲಿ ಕಬ್ಬು ಇಲ್ಲಿನ ಬೆಳೆ. 1972ರ ಬರವನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ರಜೆ ಹಾಕಿ ಪ್ರವಾಸ ಹೋಗಿ, ದಿನಕ್ಕೆ ಅರ್ಧ ಗಂಟೆ ನಿಮಗಾಗಿ ಮೀಸಲಿಡಿ ಎಂದು ನಗರದ ನೌಕರರಿಗಾಗಿ ಬರೆದ ಸಲಹೆ ಇಂಥ ಊರಿನಲ್ಲಿ ಹೆಚ್ಚು ಪ್ರಯೋಜನಕ್ಕೆ ಬಾರದು. ಆರೋಗ್ಯದ ಗುರುತುಗಳು ಎಲ್ಲ ಕಡೆ ಒಂದೇ ಆದರೂ ಅವು ಮೈದೋರುವುದು ಆಯಾ ಊರಿನ ಕೆಲಸ, ಹಬ್ಬ, ಸಾಲ, ಸಂಬಂಧಗಳ ನಡುವೆ.

ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. 18 ವರ್ಷ ದಾಟಿದವರಲ್ಲಿ ನೂರಕ್ಕೆ 10.6 ಮಂದಿಗೆ ಆಗ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು ಎಂದು ಅದು ಕಂಡುಕೊಂಡಿತು. ಹಾಗಾದರೆ ಉಳಿದ ಸುಮಾರು ತೊಂಬತ್ತು ಮಂದಿಯ ಮನಸ್ಸು ಚೆನ್ನಾಗಿದೆ ಎನ್ನಬಹುದೇ? ಅಮೆರಿಕದ ಸಮಾಜಶಾಸ್ತ್ರಜ್ಞ ಕೋರಿ ಕೀಸ್ 2002ರಲ್ಲಿ ಪ್ರಕಟಿಸಿದ ಲೇಖನ ಈ ಪ್ರಶ್ನೆಗೇ ಉತ್ತರ ಹುಡುಕಿತ್ತು. 25ರಿಂದ 74 ವಯಸ್ಸಿನ ಮೂರು ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ಉತ್ತರಗಳನ್ನು ಆತ ಪರಿಶೀಲಿಸಿದ. ಮನಸ್ಸು ಅರಳಿದ ಸ್ಥಿತಿಯಲ್ಲಿದ್ದವರು ನೂರಕ್ಕೆ 17 ಮಂದಿ ಮಾತ್ರ. ಖಿನ್ನತೆಯ ಕಾಯಿಲೆ ಇದ್ದವರು 14. ಇನ್ನೂ 12 ಮಂದಿ ಯಾವ ಕಾಯಿಲೆಯ ವ್ಯಾಖ್ಯೆಗೂ ಸಿಗದೆ, ಯಾವುದರಲ್ಲೂ ರುಚಿಯಿಲ್ಲದೆ ಸೊರಗಿದ್ದರು. ಮಿಕ್ಕವರು ನಡುವೆ ಎಲ್ಲೋ ಇದ್ದರು.

ಕೀಸ್ ಇದರಿಂದ ತೆಗೆದ ತೀರ್ಮಾನ ಎಲ್ಲರಿಗೂ ಉಪಯೋಗದ್ದು. ಕಾಯಿಲೆ ಇದೆಯೋ ಇಲ್ಲವೋ ಎಂಬುದು ಒಂದು ಅಳತೆ, ಮನಸ್ಸು ಎಷ್ಟು ಚೆನ್ನಾಗಿದೆ ಎಂಬುದು ಇನ್ನೊಂದು ಅಳತೆ. ಇವೆರಡಕ್ಕೂ ಸಂಬಂಧವಿದೆ, ಆದರೆ ಎರಡೂ ಒಂದೇ ಅಲ್ಲ. ಕಾಯಿಲೆಯೇ ಇಲ್ಲದವನು ಒಳಗೇ ಬತ್ತಿಹೋಗಿರಬಹುದು. ಅತ್ತ ಸ್ಕಿಜೋಫ್ರೇನಿಯಾಕ್ಕೆ ಹತ್ತು ವರ್ಷದಿಂದ ಮಾತ್ರೆ ನುಂಗುತ್ತಿರುವ ಹೆಣ್ಣುಮಗಳು ಎಮ್ಮೆ ಕಟ್ಟಿ, ಹಾಲಿನ ಲೆಕ್ಕ ತಾನೇ ಇಟ್ಟು, ಅಕ್ಕಪಕ್ಕದವರ ಮದುವೆಗೆ ರೊಟ್ಟಿ ಬಡಿಯಲು ಹೋಗಿ, ತನ್ನ ಬದುಕಿಗೆ ಬೆಲೆಯಿದೆ ಎಂದು ತಿಳಿದು ಬಾಳುತ್ತಿರಬಹುದು. ಅವಳ ಮಾನಸಿಕ ಆರೋಗ್ಯ ಚೆನ್ನಾಗಿದೆ ಎಂದೇ ಹೇಳಬೇಕು. 'ಹುಚ್ಚು', 'ಶಾಣ್ಯಾ' ಎಂದು ಊರು ಮಾಡುವ ಎರಡೇ ಪಾಲು ಈ ಸತ್ಯವನ್ನು ಮರೆಮಾಡುತ್ತದೆ, ಅನೇಕರ ಮನಸ್ಸನ್ನೂ ನೋಯಿಸುತ್ತದೆ.

ತನ್ನ ಮನಸ್ಸನ್ನು ತಾನೇ ನೋಡಿಕೊಳ್ಳುವವರು ಮೊದಲು ತಿಳಿಯಬೇಕಾದದ್ದು ಯಾವುದರ ಜೊತೆ ಹೋಲಿಸಿ ನೋಡಬೇಕು ಎಂಬುದನ್ನು. ಪಕ್ಕದ ಮನೆಯವರ ನಗು, ಮೊಬೈಲಿನಲ್ಲಿ ಕಾಣುವವರ ಸಂಭ್ರಮ ಹೋಲಿಕೆಗೆ ತಕ್ಕವಲ್ಲ. ಮಾತು ಕಡಿಮೆ ಇರುವವರು, ಜಾತ್ರೆಯ ಗದ್ದಲ ಒಲ್ಲದವರು, ಒಬ್ಬರೇ ಹೊಲದಲ್ಲಿ ದುಡಿಯಲು ಇಷ್ಟಪಡುವವರು ಇರುತ್ತಾರೆ. ಅದು ಅವರ ಸ್ವಭಾವ, ಕೊರತೆಯಲ್ಲ. ಬಾವಿಯ ನೀರು ಎಷ್ಟು ಇಳಿದಿದೆ ಎಂದು ಒಡೆಯನಿಗೆ ತಿಳಿಯುವುದು ಹೋದ ವರ್ಷ ಇದೇ ದಿನಗಳಲ್ಲಿ ಯಾವ ಮೆಟ್ಟಿಲು ಮುಳುಗಿತ್ತು ಎಂಬ ನೆನಪಿನಿಂದ. ಮನಸ್ಸಿನ ಅಳತೆಯೂ ಹಾಗೆಯೇ. ಸದಾ ಹರಟುವವನು ಮೌನವಾದರೆ ಅದು ಬದಲಾವಣೆ. ಸದಾ ಮೌನಿಯಾದವನ ಮೌನ ಬದಲಾವಣೆಯಲ್ಲ. ಎರಡನೆಯದು ಕಾಲದ ಅಳತೆ. ಒಂದು ದಿನದ ಬೇಸರ, ಒಂದು ಸಂಜೆಯ ಉಲ್ಲಾಸ ಯಾವುದನ್ನೂ ತೋರಿಸುವುದಿಲ್ಲ. ವೈದ್ಯರೂ ಸಂಶೋಧಕರೂ ಸಾಮಾನ್ಯವಾಗಿ ಹಿಂದಿನ ಎರಡು ವಾರಗಳನ್ನು ಒಟ್ಟಾಗಿ ನೋಡುತ್ತಾರೆ.

ಈ ಎರಡು ವಾರದ ನೋಟಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಒಂದು ಪುಟ್ಟ ಪ್ರಶ್ನಾವಳಿ ಇದೆ. 1998ರಿಂದ ಬಳಕೆಯಲ್ಲಿರುವ ಅದರಲ್ಲಿ ಐದೇ ಹೇಳಿಕೆಗಳು. ಒಂದೂ ಕಾಯಿಲೆಯ ಹೆಸರಿಲ್ಲ, ದುಃಖದ ಮಾತಿಲ್ಲ ಎಂಬುದೇ ಅದರ ವಿಶೇಷ. ಕಳೆದ ಎರಡು ವಾರಗಳಲ್ಲಿ ಮನಸ್ಸು ಉಲ್ಲಾಸವಾಗಿತ್ತೇ, ಶಾಂತವಾಗಿ ಹಗುರವಾಗಿತ್ತೇ, ಮೈಯಲ್ಲಿ ಚುರುಕು ಇತ್ತೇ, ಬೆಳಿಗ್ಗೆ ಎದ್ದಾಗ ದಣಿವು ಆರಿ ತಾಜಾ ಅನಿಸುತ್ತಿತ್ತೇ, ದಿನದಲ್ಲಿ ಆಸಕ್ತಿ ಹುಟ್ಟಿಸುವ ಸಂಗತಿಗಳು ಇದ್ದವೇ ಎಂದು ಅದು ವಿಚಾರಿಸುತ್ತದೆ. ಪ್ರತಿಯೊಂದಕ್ಕೂ 'ಎಲ್ಲ ಹೊತ್ತೂ' ಎಂದರೆ 5 ಅಂಕ, 'ಒಮ್ಮೆಯೂ ಇಲ್ಲ' ಎಂದರೆ 0. ಒಟ್ಟು 25. ಮೊತ್ತ 13ಕ್ಕಿಂತ ಕೆಳಗಿದ್ದರೆ ಖಿನ್ನತೆ ಇದೆಯೇ ಎಂದು ವೈದ್ಯರಲ್ಲಿ ವಿಚಾರಿಸುವುದು ಒಳ್ಳೆಯದು. ಮೊತ್ತ ಮೇಲಿದ್ದರೂ ಯಾವುದಾದರೊಂದು ಪ್ರಶ್ನೆಗೆ 0 ಅಥವಾ 1 ಬಂದಿದ್ದರೆ ಅದನ್ನು ಅಲಕ್ಷಿಸಬಾರದು. ಕಾಗದದ ಚೂರು, ಪೆನ್ನು, ಐದು ನಿಮಿಷ ಸಾಕು. ತಿಂಗಳಿಗೊಮ್ಮೆ ಕ್ಯಾಲೆಂಡರಿನ ಹಿಂದೆ ಮೊತ್ತ ಬರೆದಿಟ್ಟರೆ ಒಂದು ವರ್ಷದಲ್ಲಿ ತನ್ನದೇ ಮಟ್ಟ ಯಾವುದು ಎಂಬುದು ಕಣ್ಣಿಗೆ ಕಾಣುತ್ತದೆ.

ಆದರೆ ಅಂಕಿಯನ್ನು ಬದುಕಿನ ಜೊತೆ ಇಟ್ಟು ಓದಬೇಕು. ನಿದ್ರೆಯ ಪ್ರಶ್ನೆಯನ್ನೇ ತೆಗೆದುಕೊಂಡರೆ, ಹೊಲದ ಮೋಟಾರಿಗೆ ರಾತ್ರಿ ಪಾಳಿಯಲ್ಲಿ ಕರೆಂಟು ಬರುವ ವಾರ ರೈತನು ನಡುರಾತ್ರಿ ಎದ್ದು ಕಬ್ಬಿಗೆ ನೀರು ತಿರುಗಿಸಬೇಕು. ಅವನು ಬೆಳಿಗ್ಗೆ ತಾಜಾ ಆಗಿ ಏಳುವುದಿಲ್ಲ, ಅದು ಮನಸ್ಸಿನ ತಪ್ಪಲ್ಲ. ಹಾಲು ಕುಡಿಯುವ ಕೂಸಿನ ತಾಯಿಯದೂ ಇದೇ ಕಥೆ. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಮಲಗಲು ಅವಕಾಶ ಸಿಕ್ಕಾಗ ನಿದ್ರೆ ಬರುತ್ತದೆಯೇ? ಮೈ ದಣಿದು ಹಾಸಿಗೆಗೆ ಬಿದ್ದವನು ಸ್ವಲ್ಪ ಹೊತ್ತಿನಲ್ಲೇ ನಿದ್ರೆಗೆ ಜಾರಿದರೆ, ನಡುವೆ ಎಚ್ಚರವಾದರೂ ಮತ್ತೆ ಕಣ್ಣು ಮುಚ್ಚಿದರೆ, ಮನಸ್ಸು ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ದೊಡ್ಡವರಿಗೆ ಸಾಮಾನ್ಯವಾಗಿ 7ರಿಂದ 9 ಗಂಟೆಯ ನಿದ್ರೆ ಬೇಕು. ಕೆಲವರಿಗೆ ಸ್ವಲ್ಪ ಕಡಿಮೆ ಸಾಲುತ್ತದೆ. ಪಾಳಿ ಮುಗಿದು ನಿದ್ರೆಗೆ ಹೊತ್ತು ಸಿಕ್ಕ ಮೇಲೂ ನಸುಕಿನ ಮೂರಕ್ಕೆ ಎಚ್ಚರವಾಗಿ, ಬೆಳಗಿನ ತನಕ ಮೇಲ್ಛಾವಣಿ ನೋಡುತ್ತ ಮಲಗುವುದು ಬೇರೆಯೇ ಸಂಗತಿ.

ಒಂದು ಮೋಸದ ಬಗೆಯನ್ನೂ ಇಲ್ಲೇ ಹೇಳಬೇಕು. ಕುಡಿದು ಮಲಗಿದವನಿಗೆ ಬೇಗ ನಿದ್ರೆ ಹತ್ತುತ್ತದೆ, ಹಾಗಾಗಿ 'ಒಂದು ಕ್ವಾರ್ಟರ್ ಹಾಕಿದರೆ ಆರಾಮ ನಿದ್ದಿ' ಎಂಬ ನಂಬಿಕೆ ಬೆಳೆದಿದೆ. ಮದ್ಯವು ರಾತ್ರಿಯ ಮೊದಲರ್ಧದಲ್ಲಿ ಕನಸಿನ ನಿದ್ರೆಯನ್ನು ಅದುಮುತ್ತದೆ, ಎರಡನೆಯ ಅರ್ಧದಲ್ಲಿ ನಿದ್ರೆಯನ್ನು ತುಂಡುತುಂಡು ಮಾಡುತ್ತದೆ. ಕುಡಿಯದೆ ನಿದ್ರೆಯೇ ಬಾರದ ಹಂತ ತಲುಪಿದವನ ನಿದ್ರೆಯನ್ನು ಆರೋಗ್ಯದ ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಹಸಿವೂ ಇದರ ಜೊತೆಗೇ ನಡೆಯುತ್ತದೆ. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ ಯಾವತ್ತಿನಂತೆ ರುಚಿಸುತ್ತಿವೆಯೇ ಎಂಬುದು ಸಣ್ಣ ಪ್ರಶ್ನೆಯಂತೆ ಕಂಡರೂ ದೊಡ್ಡದು. ಮನಸ್ಸಿನ ನೋವು ನಮ್ಮ ಕಡೆ ಬಹಳ ಸಲ ಮೈಯ ನೋವಾಗಿ ಹೊರಬೀಳುತ್ತದೆ. ತಲೆಭಾರ, ಎದೆಯುರಿ, ಕೈಕಾಲು ಸೆಳೆತ, ದಣಿವು ಎಂದು ದವಾಖಾನೆಗೆ ಬಂದು, ಎಲ್ಲ ತಪಾಸಣೆಯಲ್ಲೂ ಏನೂ ಸಿಗದೆ ಮರಳುವವರಲ್ಲಿ ಖಿನ್ನತೆ ಇರುವವರು ಅನೇಕರು. ಸೂಜಿ, ಸಲೈನ್‌ಗಳಿಗೆ ಹಣ ಖರ್ಚಾಗುತ್ತದೆ, ಮೂಲ ಹಾಗೇ ಉಳಿಯುತ್ತದೆ.

ಇನ್ನು ಭಾವನೆಗಳ ವಿಚಾರ. ಜನರು ಹೆಚ್ಚು ತಪ್ಪು ತಿಳಿದಿರುವುದು ಇಲ್ಲಿಯೇ. ಸದಾ ನಗುತ್ತಿರುವುದು, ಸಿಟ್ಟು ಬಾರದಿರುವುದು, ಅಳದಿರುವುದು ಗಟ್ಟಿ ಮನಸ್ಸಿನ ಗುರುತೆಂದು ಭಾವಿಸಲಾಗುತ್ತದೆ. ವಾಸ್ತವದಲ್ಲಿ ಆರೋಗ್ಯವಂತ ಮನಸ್ಸಿಗೆ ಎಲ್ಲ ಭಾವನೆಗಳೂ ಬರುತ್ತವೆ. ಅವು ಕಾರಣಕ್ಕೆ ತಕ್ಕಷ್ಟಿರುತ್ತವೆ, ಬಂದದ್ದು ತನ್ನ ಹೊತ್ತಿಗೆ ಇಳಿಯುತ್ತದೆ. ರಾಶಿಗೆ ಬಂದ ಜೋಳದ ಮೇಲೆ ಅಕಾಲದ ಮಳೆ ಸುರಿದಾಗ ಹೊಟ್ಟೆ ಉರಿಯದವನು ಇಲ್ಲ. ಸಕ್ಕರೆ ಕಾರ್ಖಾನೆ ಕಬ್ಬಿನ ಬಿಲ್ಲು ತಡಮಾಡಿದಾಗ ಸಿಟ್ಟು ಬರುವುದು ನ್ಯಾಯವೇ. ಅಪಾಯ ಕಂಡಾಗ, ಜಗಳ ಹತ್ತಿದಾಗ ದೇಹ ಅಡ್ರಿನಲಿನ್ ಸುರಿಸುತ್ತದೆ. ಎದೆ ಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಕಾರಣ ಸರಿದ ಮೇಲೆ ಇದನ್ನೆಲ್ಲ ಇಳಿಸುವ ಇನ್ನೊಂದು ನರವ್ಯವಸ್ಥೆಯೂ ದೇಹದಲ್ಲೇ ಇದೆ. ಕಾರ್ಟಿಸಾಲ್ ಎಂಬ ಹಾರ್ಮೋನು ಬೆಳಿಗ್ಗೆ ಹೆಚ್ಚಿದ್ದು ರಾತ್ರಿಗೆ ಕಡಿಮೆಯಾಗುವುದು ಸಹಜ ಲಯ. ಒತ್ತಡ ತಿಂಗಳುಗಟ್ಟಲೆ ಬಿಡದಿದ್ದರೆ ಈ ಲಯವೇ ಕೆಡಬಹುದು. ಮಧ್ಯಾಹ್ನದ ಜಗಳದ ಬಿಸಿ ರಾತ್ರಿ ಊಟದ ಹೊತ್ತಿಗೆ ಇಳಿದಿದೆಯೇ, ಒಂದು ಕಡೆಯ ಸಿಟ್ಟು ಇನ್ನೊಂದು ಕಡೆ ಮಕ್ಕಳ ಬೆನ್ನ ಮೇಲೆ ಬೀಳುತ್ತಿಲ್ಲವೇ ಎಂದು ನೋಡಿಕೊಂಡರೆ ಮನಸ್ಸು ಮರಳುವ ಶಕ್ತಿ ಎಷ್ಟಿದೆ ಎಂದು ತಿಳಿಯುತ್ತದೆ.

ಸಾವಿನ ದುಃಖಕ್ಕೂ ಇದೇ ಮಾತು ಸಲ್ಲುತ್ತದೆ, ಆದರೆ ಅದರ ಕಾಲ ದೊಡ್ಡದು. ಹೆತ್ತವರನ್ನೋ ಬಾಳಸಂಗಾತಿಯನ್ನೋ ಕಳೆದುಕೊಂಡವರು ಹಬ್ಬ ಬಂದಾಗ, ಅವರ ಅಂಗಿ ಕಂಡಾಗ ವರ್ಷದ ನಂತರವೂ ಅಳುತ್ತಾರೆ. ಅಳುವಿನ ನಡುವೆಯೇ ಸತ್ತವರ ತಮಾಷೆಯ ಮಾತು ನೆನೆದು ನಗುತ್ತಾರೆ, ಮೊಮ್ಮಗನನ್ನು ಎತ್ತಿಕೊಂಡಾಗ ಮುಖ ಬಿಚ್ಚಿಕೊಳ್ಳುತ್ತದೆ. ದುಃಖ ಬಂದು ಹೋಗುತ್ತಿದ್ದರೆ, ನಡುವೆ ಬೇರೆ ಭಾವನೆಗೆ ಎಡೆ ಸಿಗುತ್ತಿದ್ದರೆ, ಆ ಮನಸ್ಸು ನೋಯುತ್ತಿದೆ, ಆದರೆ ಕೆಟ್ಟಿಲ್ಲ. ಮೂರು ದಿನದ ಮೇಲೆ ಅಳಬಾರದು, ಗಂಡಸರು ಅಳಬಾರದು ಎಂದು ಬಾಯಿ ಮುಚ್ಚಿಸುವ ಹಿತೈಷಿಗಳು ಉಪಕಾರ ಮಾಡುತ್ತಿಲ್ಲ.

ಯೋಚನೆಯ ರೀತಿಯಲ್ಲೂ ಗುರುತು ಸಿಗುತ್ತದೆ. ಚಿಂತೆ ಎರಡು ಬಗೆ. ಸೊಸೈಟಿಯ ಸಾಲ ಎಷ್ಟು, ಬಡ್ಡಿ ಎಷ್ಟು, ಪೀಕವಿಮೆಯ ದುಡ್ಡು ಬಂದರೆ ಯಾವುದನ್ನು ಮೊದಲು ತೀರಿಸಬೇಕು, ಬಾರದಿದ್ದರೆ ಯಾರನ್ನು ಕೇಳಬೇಕು ಎಂದು ಕಾಗದದ ಮೇಲೆ ಬರೆದು ಕೂತವನ ಚಿಂತೆ ಕೆಲಸದ ಚಿಂತೆ. ಅದು ಎಲ್ಲೋ ಒಂದು ಕಡೆ ನಿಲ್ಲುತ್ತದೆ, ಮುಂದಿನ ಹೆಜ್ಜೆ ತೋರಿಸುತ್ತದೆ. 'ನನಗೇ ಯಾಕ ಹಿಂಗ ಆಗತದ, ಆವತ್ತ ಬೋರ್ ಹೊಡಸಬಾರದಿತ್ತು' ಎಂದು ಅದೇ ನಾಲ್ಕು ಮಾತು ಸುತ್ತಿ ಸುತ್ತಿ ಬಂದರೆ ಅದು ಇನ್ನೊಂದು ಬಗೆ. ಈ ಸುತ್ತುವ ಯೋಚನೆ ಖಿನ್ನತೆಯನ್ನು ಉದ್ದ ಮಾಡುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ನೋಲನ್-ಹೋಕ್ಸೆಮಾ 1990ರ ದಶಕದಲ್ಲಿ ತೋರಿಸಿಕೊಟ್ಟರು. ಸುತ್ತುವ ಯೋಚನೆ ಎಲ್ಲರಿಗೂ ಆಗಾಗ ಬರುತ್ತದೆ. ಯಾರಾದರೂ ಕರೆದಾಗ, ಕೈಗೆ ಕೆಲಸ ಹತ್ತಿದಾಗ ಅದನ್ನು ಬಿಟ್ಟು ಎದ್ದೇಳಲು ಆಗುತ್ತದೆಯೇ ಎಂಬುದರಲ್ಲಿ ಆರೋಗ್ಯ ಕಾಣುತ್ತದೆ. ಹತ್ತನೆಯ ಇಯತ್ತೆಯ ಪರೀಕ್ಷೆ ಹತ್ತಿರ ಬಂದಾಗ ಹುಡುಗರಿಗೆ ಆಗುವ ಅಂಜಿಕೆಯೂ ಅಷ್ಟೇ. ಅಂಜಿಕೆ ಪುಸ್ತಕ ತೆರೆಸಿದರೆ ಒಳ್ಳೆಯದು, ಪುಸ್ತಕ ಮುಟ್ಟಲೂ ಬಿಡದಿದ್ದರೆ ಮನೆಯವರು, ಮಾಸ್ತರರು ಗಮನಿಸಬೇಕು.

ತನ್ನ ಬಗ್ಗೆ ತನಗಿರುವ ನೋಟ ಮುಂದಿನದು. ಮೇರಿ ಯಹೋಡಾ ಎಂಬ ಮನಶ್ಶಾಸ್ತ್ರಜ್ಞೆ 1958ರಷ್ಟು ಹಿಂದೆಯೇ ಒಳ್ಳೆಯ ಮಾನಸಿಕ ಆರೋಗ್ಯದ ಬಗ್ಗೆ ಒಂದು ಗ್ರಂಥ ಬರೆದು ಆರು ಲಕ್ಷಣಗಳನ್ನು ಗುರುತಿಸಿದಳು. ತನ್ನನ್ನು ತಾನು ಒಪ್ಪಿಕೊಳ್ಳುವುದು, ಬೆಳೆಯುತ್ತ ಹೋಗುವುದು, ಒತ್ತಡದಲ್ಲೂ ಒಡೆಯದೆ ಒಂದಾಗಿ ಉಳಿಯುವುದು, ತನ್ನ ನಿರ್ಧಾರ ತಾನು ಮಾಡುವುದು, ಲೋಕವನ್ನು ಇದ್ದಂತೆ ಕಾಣುವುದು, ಸುತ್ತಲಿನ ಪರಿಸ್ಥಿತಿಯನ್ನು ನಿಭಾಯಿಸುವುದು ಎಂಬಿವು ಆ ಆರು. 1989ರಲ್ಲಿ ಕ್ಯಾರಲ್ ರಿಫ್ ರೂಪಿಸಿದ ಅಳತೆಯಲ್ಲಿ ಇವುಗಳಲ್ಲಿ ಕೆಲವುಗಳ ಜೊತೆಗೆ ಒಳ್ಳೆಯ ಸಂಬಂಧ, ಬದುಕಿಗೊಂದು ಗುರಿ ಸೇರಿದವು. ಇದ್ದಂತೆ ಕಾಣುವುದು ಎಂಬ ಲಕ್ಷಣಕ್ಕೆ ಮಾತ್ರ ಒಂದು ತಕರಾರು ಬಂತು. ಶೆಲ್ಲಿ ಟೇಲರ್ ಮತ್ತು ಜೊನಾಥನ್ ಬ್ರೌನ್ 1988ರಲ್ಲಿ, ಆರೋಗ್ಯವಂತರು ತಮ್ಮನ್ನು ಇರುವುದಕ್ಕಿಂತ ತುಸು ಹೆಚ್ಚು ಒಳ್ಳೆಯವರೆಂದು, ನಾಳೆ ಇವತ್ತಿಗಿಂತ ತುಸು ಮೇಲೆಂದು ನಂಬಿರುತ್ತಾರೆ ಎಂದು ವಾದಿಸಿದರು. ಒಣಭೂಮಿಯ ರೈತನಿಗೆ ಈ ವಾದ ಅರ್ಥವಾಗುವಂಥದ್ದೇ. ಎರಡು ವರ್ಷ ಬೆಳೆ ಕೈಕೊಟ್ಟ ಮೇಲೂ ಮೂರನೆಯ ವರ್ಷ ಬೀಜ ಬಿತ್ತಲು ಒಂದಿಷ್ಟು ಹೆಚ್ಚಿನ ನಂಬಿಕೆ ಬೇಕೇ ಬೇಕು. ಆ ನಂಬಿಕೆ ಬಿತ್ತನೆಗೆ ಕರೆದೊಯ್ಯುವಷ್ಟಿದ್ದರೆ ಒಳ್ಳೆಯದು. ಖಾಸಗಿ ಸಾಲ ತಂದು ಐದನೆಯ ಬೋರ್‌ವೆಲ್ ಹೊಡೆಸುವಷ್ಟು ಬೆಳೆದರೆ ಅದು ನೋಟ ತಪ್ಪಿದ ಗುರುತು.

ಸಂಬಂಧಗಳಲ್ಲಿ ಕಾಣುವ ಲಕ್ಷಣ ಎಲ್ಲಕ್ಕಿಂತ ಸುಲಭವಾಗಿ ಕೈಗೆ ಸಿಗುತ್ತದೆ. ಜಗಳವೇ ಇಲ್ಲದ ಮನೆ ಹುಡುಕಬೇಕಾಗಿಲ್ಲ. ಜಗಳವಾದ ಮೇಲೆ ಮಾತು ಮತ್ತೆ ಹೇಗೆ ಶುರುವಾಗುತ್ತದೆ ಎಂದು ನೋಡಬೇಕು. 'ವೈನಿ, ಚಹಾ ಮಾಡೀನಿ, ಬರ್ರಿ' ಎಂಬ ಒಂದು ಕರೆ ಸಾಕಾಗುತ್ತದೆ. ಆ ಕರೆ ಕೊಡಲು, ಕೊಟ್ಟಾಗ ಬರಲು ಮನಸ್ಸು ಒಪ್ಪಿದರೆ ಅದು ಆರೋಗ್ಯ. ಕಷ್ಟ ಹೇಳಿಕೊಳ್ಳಲು ಒಬ್ಬರಾದರೂ ಇದ್ದಾರೆಯೇ, ಹೇಳಿಕೊಳ್ಳಲು ಬಾಯಿ ಬರುತ್ತದೆಯೇ ಎಂಬುದೂ ಮುಖ್ಯ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಿಂದ ನಡೆದು ಬಂದಿರುವ ದೀರ್ಘ ಅಧ್ಯಯನವೊಂದು ನೂರಾರು ಗಂಡಸರನ್ನು ಯೌವನದಿಂದ ಮುಪ್ಪಿನ ತನಕ ಹಿಂಬಾಲಿಸಿತು. ಮುಪ್ಪಿನಲ್ಲಿ ಆರೋಗ್ಯವಾಗಿ ಉಳಿಯಲು ಹಣ, ಹೆಸರಿಗಿಂತ ಬೆಚ್ಚಗಿನ ಸಂಬಂಧಗಳೇ ಹೆಚ್ಚು ಒದಗಿದವು ಎಂದು ಅದು ಕಂಡಿತು.

ಬೇಡ ಎನ್ನಲು ಬರುವುದೂ ಸಂಬಂಧದ ಆರೋಗ್ಯವೇ, ಆದರೆ ಇಲ್ಲಿ ನ್ಯಾಯವಾಗಿ ನೋಡಬೇಕಾದ ಒಂದು ವಿಷಯವಿದೆ. ಎಷ್ಟೋ ಮನೆಗಳಲ್ಲಿ ಸೊಸೆಯಾಗಿ ಬಂದವಳಿಗೆ ಬೇಡ ಎನ್ನುವ ಅಧಿಕಾರವೇ ಇರುವುದಿಲ್ಲ. ಅವಳ ಮೌನವನ್ನು ಅವಳ ಮನಸ್ಸಿನ ದೋಷ ಎಂದು ಬರೆದಿಡುವುದು ಅನ್ಯಾಯ. ಅಂಥವರಲ್ಲಿ ಆರೋಗ್ಯ ಬೇರೆ ಕಡೆ ಕಾಣಿಸಿಕೊಳ್ಳುತ್ತದೆ. ಬಚತ ಗಟದ (ಸ್ವಸಹಾಯ ಸಂಘದ) ಸಭೆಯಲ್ಲಿ ತನ್ನ ಹೆಸರಿನ ಖಾತೆಯ ಲೆಕ್ಕ ಕೇಳಿ ತಿಳಿದುಕೊಳ್ಳುವುದರಲ್ಲಿ, ತವರಿನ ಅಕ್ಕನಿಗೆ ಫೋನ್ ಮಾಡಿ ಎದೆಯೊಳಗಿನದನ್ನು ಹೇಳಿ ಹಗುರಾಗುವುದರಲ್ಲಿ, ಮಗಳ ಶಾಲೆ ಬಿಡಿಸಬೇಡಿ ಎಂದು ಒಮ್ಮೆಯಾದರೂ ಗಟ್ಟಿಯಾಗಿ ನುಡಿಯುವುದರಲ್ಲಿ. ಹೊಡೆತ ಬಡಿತ ಇರುವ ಮನೆಯಲ್ಲಿ ಅಂಜಿಕೆಯಾಗುವುದು ಸರಿಯಾಗಿ ಕೆಲಸ ಮಾಡುತ್ತಿರುವ ಮನಸ್ಸಿನ ಪ್ರತಿಕ್ರಿಯೆ. ಅಲ್ಲಿ ಬದಲಾಗಬೇಕಾದದ್ದು ಅವಳ ಮನಸ್ಸಲ್ಲ.

ಆಸಕ್ತಿ ಎಂಬುದು ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದ ಗುರುತು. ಮನಸ್ಸು ಸೊರಗಲು ಶುರುವಾದಾಗ ಅನೇಕರಲ್ಲಿ ಮೊದಲು ಆರುವುದು ಇದೇ. ಎಳ್ಳಮಾವಾಸ್ಯೆಗೆ ಈ ಭಾಗದ ಮನೆಮಂದಿಯೆಲ್ಲ ಸಜ್ಜೆ ಕಡಬು, ಭಜ್ಜಿ, ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ ಊಟ ಮಾಡುತ್ತಾರೆ. ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆ, ನಂದಿಧ್ವಜಗಳ ಮೆರವಣಿಗೆ. ಊರೂರಲ್ಲಿ ಭಜನೆ, ಡೊಳ್ಳಿನ ಪದ, ಸವಾಲು-ಜವಾಬಿನ ಹಾಡಿಕೆ ರಾತ್ರಿಯಿಡೀ ನಡೆಯುತ್ತವೆ. ಹೋದ ವರ್ಷ ಹಾಡಿಕೆಯಲ್ಲಿ ಮುಂದಿನ ಸಾಲಿನಲ್ಲಿ ಕೂತವನು ಈ ವರ್ಷ 'ಯಾಕೋ ಬ್ಯಾಡ ಅನಸತದ' ಎಂದು ಮನೆಯಲ್ಲೇ ಉಳಿದರೆ, ಕಾರಣ ಕೇಳುವುದು ನೆರೆಯವರ ಕರ್ತವ್ಯ. ಇಷ್ಟದ್ದು ಇಷ್ಟವಾಗಿಯೇ ಉಳಿದಿದೆ, ಹೊಸದೊಂದು ಕಲಿಯಲು ಕುತೂಹಲ ಇದೆ ಎಂದರೆ ಮನಸ್ಸಿನ ಬೇರು ಹಸಿಯಾಗಿದೆ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಮರಾಠಿ ಶಾಲೆಯಲ್ಲಿ ಓದಿದವರು. ಕನ್ನಡವನ್ನು ಆಮೇಲೆ ಕಲಿತು, ಅದೇ ಭಾಷೆಯಲ್ಲಿ ಸಿದ್ಧರಾಮನ ಮೇಲೆ ದೊಡ್ಡ ಪುರಾಣಕಾವ್ಯ ಬರೆದು, 1974ರಲ್ಲಿ ಮಂಡ್ಯದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾದರು. ಬೆಳೆಯುತ್ತ ಹೋಗುವುದು ಎಂದು ಯಹೋಡಾ ಹೇಳಿದ್ದು ಇಂಥ ಒಳಗಿನ ಒತ್ತಾಸೆಯನ್ನೇ.

ತಾನು ಯಾರಿಗಾದರೂ ಬೇಕಾದವನು ಎಂಬ ಅರಿವು ಇದರ ಜೊತೆ ಹೊಂದಿಕೊಂಡಿದೆ. ಸಿದ್ಧರಾಮನು ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದ 12ನೆಯ ಶತಮಾನದ ಶರಣ. ಜನಕ್ಕೆ ನೀರು ಕೊಡುವ ಕೆಲಸವನ್ನೇ ಆತ ಪೂಜೆಯಾಗಿ ಮಾಡಿದ. ಕೆಲಸಕ್ಕೆ ಅರ್ಥ ಇದ್ದಾಗ ಕಷ್ಟ ತಾಳುವ ಶಕ್ತಿ ಬರುತ್ತದೆ ಎಂಬುದನ್ನು ಇಪ್ಪತ್ತನೆಯ ಶತಮಾನದಲ್ಲಿ ಇಸ್ರೇಲಿನ ಸಮಾಜಶಾಸ್ತ್ರಜ್ಞ ಆರನ್ ಆಂಟೊನೊವ್ಸ್ಕಿ ಬೇರೆ ದಾರಿಯಿಂದ ಕಂಡ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರ ಅಧ್ಯಯನ ಮಾಡುತ್ತಿದ್ದಾಗ ಅವರಲ್ಲಿ ನಾಜಿಗಳ ಯಾತನಾ ಶಿಬಿರಗಳಿಂದ ಬದುಕಿ ಬಂದವರೂ ಇದ್ದರು. ಅವರಲ್ಲಿ ನೂರಕ್ಕೆ 29 ಮಂದಿಯ ಮಾನಸಿಕ ಆರೋಗ್ಯ ಚೆನ್ನಾಗಿತ್ತು. ಶಿಬಿರ ಕಾಣದವರಲ್ಲಿ ಅದು 51. ವ್ಯತ್ಯಾಸ ದೊಡ್ಡದೇ. ಆಂಟೊನೊವ್ಸ್ಕಿ ಮಾತ್ರ ಆ 29 ಮಂದಿಯ ಹಿಂದೆ ಬಿದ್ದ. ಇಷ್ಟೆಲ್ಲ ಕಂಡೂ ಇವರು ಹೇಗೆ ಉಳಿದರು? ನಡೆಯುತ್ತಿರುವುದು ತಕ್ಕಮಟ್ಟಿಗೆ ಅರ್ಥವಾಗುತ್ತದೆ, ನಿಭಾಯಿಸಲು ತನ್ನ ಕೈಯಲ್ಲೋ ಪಕ್ಕದವರ ಕೈಯಲ್ಲೋ ಏನಾದರೂ ಇದೆ, ಶ್ರಮಕ್ಕೆ ಬೆಲೆ ಇದೆ ಎಂಬ ಮೂರು ಅನಿಸಿಕೆಗಳು ಸೇರಿದಾಗ ಮನುಷ್ಯ ನಿಲ್ಲುತ್ತಾನೆ ಎಂದು ಆತ ತನ್ನ ಗ್ರಂಥಗಳಲ್ಲಿ ಬರೆದ. ಬರದ ಸೀಮೆಯಲ್ಲಿ ಈ ಮೂರನ್ನೂ ಊರು ಕೊಡಬಲ್ಲದು, ಕಸಿಯಲೂಬಲ್ಲದು. ಮಕ್ಕಳು ಪುಣೆಗೆ ದುಡಿಯಲು ಹೋದ ಮೇಲೆ ಒಂಟಿಯಾದ ಮುದುಕಿಯ ಹತ್ತಿರ ಬಾಣಂತಿಯ ಔಷಧ ಕೇಳಲು ಯಾರಾದರೂ ಹೋದರೆ ಅವಳ ಮೂರನೆಯ ಅನಿಸಿಕೆ ಉಳಿಯುತ್ತದೆ.

ಇಷ್ಟೆಲ್ಲ ಗುರುತುಗಳಿದ್ದರೂ ತನ್ನನ್ನು ತಾನೇ ನೋಡಿಕೊಳ್ಳುವುದಕ್ಕೆ ಒಂದು ಮಿತಿ ಇದೆ. ಉನ್ಮಾದದ ಕಾಯಿಲೆಯಲ್ಲಿ ಮನುಷ್ಯನಿಗೆ ತಾನು ಹಿಂದೆಂದೂ ಇಷ್ಟು ಚೆನ್ನಾಗಿರಲಿಲ್ಲ ಅನಿಸುತ್ತದೆ. ಎರಡು ಮೂರು ಗಂಟೆ ಮಲಗಿದರೂ ದಣಿವಿಲ್ಲ, ಮಾತು ನಿಲ್ಲದು, ತಲೆಯಲ್ಲಿ ದೊಡ್ಡ ದೊಡ್ಡ ಯೋಜನೆ, ಕೈಯಲ್ಲಿ ನಿಲ್ಲದ ಖರ್ಚು. ಐದು ಪ್ರಶ್ನೆಗಳಿಗೂ ಅವನು ಪೂರ್ತಿ 25 ಅಂಕ ಕೊಟ್ಟುಕೊಳ್ಳಬಹುದು. ಇದರ ಎದುರಿಗೆ, ಖಿನ್ನತೆ ನಿಧಾನವಾಗಿ ಆವರಿಸಿದಾಗ ತಾನು ಯಾವಾಗಲೂ ಹೀಗೇ ಇದ್ದೆ ಎಂದು ನಂಬುವವರೂ ಇದ್ದಾರೆ. ಹಾಗಾಗಿ ತನ್ನ ಉತ್ತರದ ಜೊತೆ ಮನೆಯವರ ಉತ್ತರವನ್ನೂ ಇಟ್ಟುಕೊಳ್ಳುವುದು ವಿವೇಕ. 'ಇತ್ತೀಚಿಗೆ ನಾ ಹ್ಯಾಂಗ ಅದೀನಿ?' ಎಂದು ಹೆಂಡತಿಯನ್ನೋ ಗೆಳೆಯನನ್ನೋ ಕೇಳಿ, ಬಂದ ಉತ್ತರಕ್ಕೆ ಸಿಟ್ಟಾಗದೆ ಕೇಳಿಸಿಕೊಳ್ಳಲು ಆದರೆ ಅದೂ ಒಂದು ಒಳ್ಳೆಯ ಲಕ್ಷಣ.

ಆರೋಗ್ಯದ ಈ ಗುರುತುಗಳು ಎರಡು ವಾರ ದಾಟಿಯೂ ಕಾಣದಿದ್ದರೆ, ಕೆಲಸ ನಿಂತುಹೋದರೆ, ಬದುಕು ಬೇಡ ಎಂಬ ಯೋಚನೆ ಒಂದೇ ಸಲ ಬಂದರೂ ಕಾಯಬಾರದು. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಅದರ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ, ಕನ್ನಡ, ಮರಾಠಿ ಸೇರಿ 20 ಭಾಷೆಗಳಲ್ಲಿ ಮಾತಾಡಬಹುದು. ಸೊಲ್ಲಾಪುರದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಸರಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಓದುವ ರೂಢಿ ಇದ್ದವರಿಗೆ ಕನ್ನಡದಲ್ಲಿ ನೆರವು ಹಳೆಯದು. ಡಾ. ಎಂ. ಶಿವರಾಂ ಅವರ 'ಮನಮಂಥನ' 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಮನಸ್ಸಿನ ಬಗ್ಗೆ ಸರಳ ಕನ್ನಡದಲ್ಲಿ ಬಹಳಷ್ಟು ಪುಸ್ತಕ ಬರೆದಿದ್ದಾರೆ.

ಮನೋವೈದ್ಯರು ಕೇಳುವ ಮೊದಮೊದಲ ಪ್ರಶ್ನೆಗಳಲ್ಲಿ 'ಇದಕ್ಕೂ ಮೊದಲು ಹೇಗಿದ್ದಿರಿ?' ಎಂಬುದು ಒಂದು. ಎಷ್ಟು ಗಂಟೆ ಮಲಗುತ್ತಿದ್ದೆ, ಎಷ್ಟು ರೊಟ್ಟಿ ಉಣ್ಣುತ್ತಿದ್ದೆ, ಯಾರ ಜೊತೆ ಕಟ್ಟೆಗೆ ಕೂಡುತ್ತಿದ್ದೆ, ಯಾವ ಕೆಲಸ ಖುಷಿ ಕೊಡುತ್ತಿತ್ತು ಎಂದು ಹೇಳಬಲ್ಲವರ ಚಿಕಿತ್ಸೆ ಸುಲಭವಾಗುತ್ತದೆ. ಖಿನ್ನತೆಯ ಮಾತ್ರೆಗಳು ಪರಿಣಾಮ ತೋರಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಬಹಳ ಜನರಲ್ಲಿ ನಿದ್ರೆ, ಹಸಿವು ಮೊದಲು ಮರಳುತ್ತವೆ, ಆಸಕ್ತಿ ತಡವಾಗಿ ಬರುತ್ತದೆ. ನಿದ್ರೆ ಬಂದೊಡನೆ ಗುಣವಾಯಿತೆಂದು ಮಾತ್ರೆ ಬಿಡುವವರಲ್ಲಿ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ಆದ್ದರಿಂದ ಚೇತರಿಸಿಕೊಂಡ ಮೇಲೂ ಸುಮಾರು ಆರು ತಿಂಗಳು ಮುಂದುವರಿಸಲು ವೈದ್ಯರು ಹೇಳುತ್ತಾರೆ. ತನ್ನ ಮೊದಲಿನ ಸ್ಥಿತಿಯ ನೆನಪು ಇದ್ದವರು ಯಾವುದು ಮರಳಿದೆ, ಯಾವುದು ಇನ್ನೂ ಬರಬೇಕಾಗಿದೆ ಎಂದು ವೈದ್ಯರಿಗೆ ಹೇಳಬಲ್ಲರು, ಮಾತ್ರೆ ಯಾವಾಗ ಇಳಿಸಬೇಕು ಎಂಬ ನಿರ್ಧಾರವನ್ನು ಇಬ್ಬರೂ ಕೂಡಿ ಮಾಡಲು ಆಗುತ್ತದೆ.